ಅಂತರಿಕ್ಷ ವಲಸೆಯ ಚಲನಚಿತ್ರಗಳು: ರಾಕೆಟ್ ಇದೆ, ಮಣ್ಣೆಲ್ಲಿ?

ಭೂಮಿ ಇನ್ನು ವಾಸಕ್ಕೆ ಯೋಗ್ಯವಲ್ಲ. ಮನುಕುಲ ಉಳಿಯಬೇಕಾದರೆ ಬೇರೊಂದು ನೆಲೆಯನ್ನು ಹುಡುಕಲೇಬೇಕು. ಈ ಒಂದು ಎಳೆಯನ್ನು ಹಿಡಿದು ಬಂದ ವೈಜ್ಞಾನಿಕ ಚಲನಚಿತ್ರಗಳು ಒಂದೆರಡಲ್ಲ. ನಮ್ಮ ವಿದ್ಯಾರ್ಥಿಗಳು ಅವುಗಳನ್ನು ನೋಡಿದ್ದಾರೆ, ನೋಡಿದ ಮರುದಿನ ತರಗತಿಯಲ್ಲಿ ಪ್ರಶ್ನೆಗಳನ್ನೂ ಕೇಳುತ್ತಾರೆ. ಕಪ್ಪುಕುಳಿಯ ಬಳಿ ಕಾಲ ನಿಧಾನವಾಗುವುದು ನಿಜವೇ? ಮಂಗಳದಲ್ಲಿ ಆಲೂಗಡ್ಡೆ ಬೆಳೆಯಬಹುದೇ? ಇಂಥ ಪ್ರಶ್ನೆ ಕೇಳುವ ಹುಡುಗ ಹುಡುಗಿಯರು ಸಿಗುವುದು ಭೌತವಿಜ್ಞಾನದ ಅಧ್ಯಾಪಕರಿಗೆ ಸಂತೋಷದ ವಿಷಯ. ಆದ್ದರಿಂದ ಈ ಚಿತ್ರಗಳನ್ನು ತಪ್ಪುಗಳ ಪಟ್ಟಿ ಮಾಡಿ ತಳ್ಳಿಹಾಕುವುದು ಈ ಲೇಖನದ ಉದ್ದೇಶವಲ್ಲ. ಆದರೆ ಇವು ಯಾವ ಲೆಕ್ಕವನ್ನು ಶ್ರದ್ಧೆಯಿಂದ ಮಾಡುತ್ತವೆ, ಯಾವ ಲೆಕ್ಕವನ್ನು ಮಾಡದೆಯೇ ಬಿಡುತ್ತವೆ ಎಂಬುದನ್ನು ನೋಡಬೇಕಾಗಿದೆ. ಬಿಟ್ಟ ಲೆಕ್ಕದಲ್ಲೇ ಮನುಷ್ಯನ ಉಳಿವಿನ ಪ್ರಶ್ನೆ ಅಡಗಿದೆ.

ಸಲಹೆಗಾರರ ಪರಂಪರೆ

1929ರಲ್ಲಿ ಜರ್ಮನಿಯ ನಿರ್ದೇಶಕ ಫ್ರಿಟ್ಸ್ ಲಾಂಗ್ ಚಂದ್ರಯಾನದ ಕಥೆಯುಳ್ಳ 'ಫ್ರಾವ್ ಇಮ್ ಮೋಂಡ್' ಎಂಬ ಮೂಕಿ ಚಿತ್ರವನ್ನು ತಯಾರಿಸಿದ. ಅದರ ವೈಜ್ಞಾನಿಕ ಸಲಹೆಗಾರ ರಾಕೆಟ್ ವಿಜ್ಞಾನದ ಆದ್ಯರಲ್ಲೊಬ್ಬರಾದ ಹರ್ಮನ್ ಓಬರ್ತ್. ಹಲವು ಹಂತಗಳ ರಾಕೆಟ್, ಉಡಾವಣೆಗೆ ಮುನ್ನ ಸೊನ್ನೆಯವರೆಗಿನ ಇಳಿಕೆಯ ಎಣಿಕೆ, ಇವೆಲ್ಲ ಆ ಚಿತ್ರದಲ್ಲಿ ಆಗಲೇ ಇದ್ದವು. 1936ರಲ್ಲಿ ತೆರೆಕಂಡ ಸೋವಿಯತ್ ಚಿತ್ರ 'ಕಾಸ್ಮಿಕ್ ವಾಯೇಜ್'ಗೆ ಸಲಹೆ ನೀಡಿದವರು ಕಾನ್‌ಸ್ಟಾಂಟಿನ್ ತ್ಸಿಯೋಲ್ಕೋವ್ಸ್ಕಿ. 1903ರಲ್ಲಿ ರಾಕೆಟ್ ಸಮೀಕರಣವನ್ನು ಪ್ರಕಟಿಸಿದವರು ಇವರೇ. 2014ರ 'ಇಂಟರ್‌ಸ್ಟೆಲ್ಲರ್'ಗೆ ಕಿಪ್ ಥಾರ್ನ್ ಸಲಹೆಗಾರರಾದರು. ಮೂರು ವರ್ಷಗಳ ಅನಂತರ, 2017ರಲ್ಲಿ, ಗುರುತ್ವ ಅಲೆಗಳ ಪತ್ತೆಗಾಗಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು ಇವರು.

ಗಮನಿಸಿ: ಓಬರ್ತ್, ತ್ಸಿಯೋಲ್ಕೋವ್ಸ್ಕಿ, ಥಾರ್ನ್, ಮೂವರೂ ರಾಕೆಟ್ ಅಥವಾ ಗುರುತ್ವದ ತಜ್ಞರು. ಚಂದ್ರನಿಗೆ ಹೋಗಿ ಬರುವ ಕಥೆಗೆ ಅಷ್ಟು ಸಾಕಾಗಿತ್ತು. ಆದರೆ ಹೋಗಿ ನೆಲೆಸುವ ಕಥೆಗೆ? ಪ್ರಯಾಣ ಎಂಬುದು ಬಲ, ಚಲನೆ, ಶಕ್ತಿಗಳಿಗೆ ಸಂಬಂಧಿಸಿದ್ದು. ಬದುಕು ಗಾಳಿ, ನೀರು, ಮಣ್ಣು, ಸೂಕ್ಷ್ಮಜೀವಿಗಳಿಗೆ ಸಂಬಂಧಿಸಿದ್ದು. ತ್ಸಿಯೋಲ್ಕೋವ್ಸ್ಕಿಯವರಿಗೆ ಇದು ತಿಳಿದಿತ್ತು. ಅವರ ಬರಹಗಳಲ್ಲಿ ಅಂತರಿಕ್ಷದ ಹಸಿರುಮನೆಗಳ ಕಲ್ಪನೆಯೂ ಇದೆ. ಚಲನಚಿತ್ರಗಳು ಅವರಿಂದ ರಾಕೆಟ್ಟನ್ನು ಪಡೆದುಕೊಂಡಷ್ಟು ಉತ್ಸಾಹದಿಂದ ಹಸಿರುಮನೆಯನ್ನು ಪಡೆದುಕೊಳ್ಳಲಿಲ್ಲ.

ಕಪ್ಪುಕುಳಿ ಸರಿ, ಹೊಲ?

'ಇಂಟರ್‌ಸ್ಟೆಲ್ಲರ್' ಚಿತ್ರದ ಭೌತವಿಜ್ಞಾನ ಮೆಚ್ಚುವಂಥದು. ಸೂರ್ಯನ ಹತ್ತು ಕೋಟಿ ಪಟ್ಟು ರಾಶಿಯುಳ್ಳ 'ಗಾರ್ಗಾಂಟುವಾ' ಎಂಬ ಕಪ್ಪುಕುಳಿಯ ಸುತ್ತ ಬೆಳಕು ಬಾಗುವ ರೀತಿಯನ್ನು ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳಿಂದಲೇ ಗಣಿಸಿ ತೆರೆಗೆ ತಂದರು. ಈ ಗಣನೆಯ ವಿಧಾನ 2015ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಸಂಶೋಧನ ಪ್ರಬಂಧವಾಗಿಯೂ ಪ್ರಕಟವಾಯಿತು. ಒಂದು ಗ್ರಹದ ಮೇಲೆ ಕಳೆದ ಒಂದು ಗಂಟೆ ಭೂಮಿಯ ಏಳು ವರ್ಷಗಳಿಗೆ ಸಮ ಎಂಬ ಸನ್ನಿವೇಶ ಕಾಲ ಹಿಗ್ಗುವಿಕೆಯ ಅತಿರೇಕದ ಉದಾಹರಣೆ. ಆದರೂ ಅತಿವೇಗದಿಂದ ತಿರುಗುವ ಕಪ್ಪುಕುಳಿಯ ಸಮೀಪ ತಾತ್ತ್ವಿಕವಾಗಿ ಸಾಧ್ಯವಾದುದೇ.

ಇನ್ನು ಭೂಮಿಯ ಕಡೆಗೆ ಬರೋಣ. ಚಿತ್ರದಲ್ಲಿ ಅಂಗಮಾರಿ ರೋಗವೊಂದು ಬೆಳೆಗಳನ್ನು ಒಂದೊಂದಾಗಿ ನುಂಗುತ್ತಿದೆ. ಗೋಧಿ ಹೋಯಿತು, ಬೆಂಡೆ ಹೋಯಿತು, ಈಗ ಮುಸುಕಿನ ಜೋಳವೊಂದೇ ಉಳಿದಿದೆ. ರೋಗಕಾರಕ ಜೀವಿ ಗಾಳಿಯ ಸಾರಜನಕವನ್ನು ಬಳಸಿ ಬೆಳೆಯುತ್ತದೆ, ಆಮ್ಲಜನಕ ಕುಗ್ಗುತ್ತದೆ, ಕೊನೆಯ ತಲೆಮಾರು ಹಸಿವಿನಿಂದ ಸಾಯದಿದ್ದರೆ ಉಸಿರು ಕಟ್ಟಿ ಸಾಯುತ್ತದೆ ಎನ್ನುತ್ತಾರೆ ಚಿತ್ರದ ಪ್ರೊಫೆಸರ್. ಕಥೆಯೆಲ್ಲ ನಿಂತಿರುವುದು ಈ ಒಂದು ಮಾತಿನ ಮೇಲೆ. ಇದನ್ನು ನಾವೇ ಪರೀಕ್ಷಿಸಬಹುದು.

ಭೂಮಿಯ ವಾಯುಮಂಡಲದ ರಾಶಿ ಸುಮಾರು 5 × 10¹⁸ ಕಿ.ಗ್ರಾಂ. ಅದರಲ್ಲಿ ರಾಶಿಯ ಲೆಕ್ಕದಲ್ಲಿ ಶೇ. 23ರಷ್ಟು ಆಮ್ಲಜನಕ, ಎಂದರೆ ಸುಮಾರು 1.2 × 10¹⁸ ಕಿ.ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿ.ಗ್ರಾಂ ಆಮ್ಲಜನಕ ಬೇಕು. 800 ಕೋಟಿ ಜನರಿಗೆ ವರ್ಷಕ್ಕೆ ಸುಮಾರು 2.5 × 10¹² ಕಿ.ಗ್ರಾಂ. ಭಾಗಿಸಿ ನೋಡಿ: ಇಂದೇ ಭೂಮಿಯ ಮೇಲಿನ ದ್ಯುತಿಸಂಶ್ಲೇಷಣೆಯೆಲ್ಲ ನಿಂತುಹೋದರೂ ಮನುಷ್ಯರ ಉಸಿರಾಟವೊಂದೇ ಈ ದಾಸ್ತಾನನ್ನು ಮುಗಿಸಲು ನಾಲ್ಕೂವರೆ ಲಕ್ಷ ವರ್ಷಗಳಿಗೂ ಹೆಚ್ಚು ಬೇಕು. ಈಗ ಜೀವಂತವಾಗಿರುವ ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳೆಲ್ಲ ಸತ್ತು ಕೊಳೆತರೂ ಖರ್ಚಾಗುವುದು ಆಮ್ಲಜನಕದ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಬೆಳೆ ಹೋದರೆ ಹಸಿವಿನ ಭಯ ನಿಜ. ಒಂದೇ ತಲೆಮಾರಿನಲ್ಲಿ ಉಸಿರು ಕಟ್ಟುವ ಭಯ ಲೆಕ್ಕಕ್ಕೆ ನಿಲ್ಲುವುದಿಲ್ಲ. ಈ ರೋಗದ ಬಗ್ಗೆ ಜೀವವಿಜ್ಞಾನಿಗಳೊಡನೆ ಚರ್ಚಿಸಿದ್ದನ್ನು ಥಾರ್ನ್ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆದರೆ ಕಪ್ಪುಕುಳಿಗೆ ಸಂದ ಗಣಿತದ ಶಿಸ್ತು ಹೊಲಕ್ಕೆ ಸಂದಿಲ್ಲ ಎಂಬುದು ಚಿತ್ರ ನೋಡಿದವರಿಗೆ ಸ್ಪಷ್ಟ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಚಿತ್ರದ ಆರಂಭದಲ್ಲಿ ವಯಸ್ಸಾದ ಕೆಲವರು ಧೂಳಿನ ಬಿರುಗಾಳಿಯ ದಿನಗಳನ್ನು ನೆನೆಯುತ್ತಾರೆ. ಊಟದ ಮೇಜಿನ ಮೇಲೆ ತಟ್ಟೆಗಳನ್ನು ಬೋರಲು ಹಾಕುತ್ತಿದ್ದುದನ್ನು ಹೇಳುತ್ತಾರೆ. ಇವರಲ್ಲಿ ಹಲವರು ನಟರಲ್ಲ. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯನ್ನು ಕಂಗೆಡಿಸಿದ 'ಡಸ್ಟ್ ಬೌಲ್' ಧೂಳಿನ ಹಾವಳಿಯನ್ನು ಕಣ್ಣಾರೆ ಕಂಡವರು. ಕೆನ್ ಬರ್ನ್ಸ್ 2012ರಲ್ಲಿ ತಯಾರಿಸಿದ ಸಾಕ್ಷ್ಯಚಿತ್ರದಿಂದ ಅವರ ಮಾತುಗಳನ್ನು ತೆಗೆದುಕೊಳ್ಳಲಾಗಿದೆ. ಹುಲ್ಲುಗಾವಲನ್ನು ಎಗ್ಗಿಲ್ಲದೆ ಉತ್ತು ಗೋಧಿ ಬಿತ್ತಿದ್ದರಿಂದ, ಮೇಲೆ ಬರಗಾಲವೂ ಸೇರಿದ್ದರಿಂದ, ಮೇಲ್ಮಣ್ಣು ಗಾಳಿಗೆ ಹಾರಿತು. ಲಕ್ಷಾಂತರ ಜನ ಗುಳೆ ಹೋದುದು ನಿಜ. ಆದರೆ ಆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1935ರಲ್ಲಿ ಅಲ್ಲಿನ ಸರಕಾರ ಮಣ್ಣು ಸಂರಕ್ಷಣೆಗೆಂದೇ ಕಾನೂನು ಮಾಡಿತು. ಹ್ಯೂ ಬೆನೆಟ್ ಎಂಬ ಮಣ್ಣು ವಿಜ್ಞಾನಿಯ ನೇತೃತ್ವದಲ್ಲಿ ಒಂದು ಇಲಾಖೆಯೇ ಹುಟ್ಟಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಗಾಳಿತಡೆ ಮರಗಳ ಸಾಲು ಬೆಳೆಸುವುದು, ಸವೆದ ನೆಲವನ್ನು ಮತ್ತೆ ಹುಲ್ಲಿಗೆ ಬಿಡುವುದು, ಇಂಥ ಕ್ರಮಗಳು ಬಂದವು. ಮುಂದೆ ಮಳೆಯೂ ಕೂಡಿಬಂದು ಆ ನೆಲ ಚೇತರಿಸಿಕೊಂಡಿತು. ಚಿತ್ರ ತನ್ನ ಸಾಕ್ಷಿಗಳನ್ನು ಈ ಚರಿತ್ರೆಯಿಂದ ಎರವಲು ಪಡೆದು, ಆ ಚರಿತ್ರೆಯ ಉತ್ತರವನ್ನು ಮಾತ್ರ ಹೊರಗೇ ಬಿಟ್ಟಿದೆ.

ಶಾಲೆಯ ಒಂದು ದೃಶ್ಯವನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ನಾಯಕನ ಮಗ ಒಳ್ಳೆಯ ರೈತನಾಗಬಲ್ಲ, ಈಗ ಜಗತ್ತಿಗೆ ಬೇಕಾಗಿರುವುದು ರೈತರು ಎಂದು ಶಾಲೆಯವರು ಹೇಳುತ್ತಾರೆ. ನಾಯಕನಿಗೆ ಇದು ಅವಮಾನ. ಅದೇ ಉಸಿರಿನಲ್ಲಿ, ಅಪೊಲೊ ಚಂದ್ರಯಾನ ನಡೆದೇ ಇಲ್ಲವೆಂದು ಪಠ್ಯಪುಸ್ತಕ ಹೇಳುತ್ತದೆಂಬ ಸಂಗತಿಯೂ ಬರುತ್ತದೆ. ಎರಡನೆಯದನ್ನು ಚಿತ್ರ ಲೇವಡಿ ಮಾಡುವುದು ಸರಿಯಾಗಿಯೇ ಇದೆ. ಆದರೆ ವಿಜ್ಞಾನದ ನಿರಾಕರಣೆ ಮತ್ತು ಬೇಸಾಯ ಎರಡನ್ನೂ ಒಂದೇ ದೃಶ್ಯದಲ್ಲಿ ಕಟ್ಟಿಹಾಕಿರುವುದರಿಂದ ರೈತನಾಗುವುದೇ ಹಿನ್ನಡೆ ಎಂಬ ಭಾವ ನೋಡುಗರಲ್ಲಿ ಉಳಿಯುತ್ತದೆ. ಮನುಷ್ಯ ಹುಟ್ಟಿರುವುದು ಹೊಸದನ್ನು ಹುಡುಕಲು, ಇರುವುದನ್ನು ನೋಡಿಕೊಂಡು ಕೂರಲಲ್ಲ ಎಂಬರ್ಥದ ಮಾತನ್ನೂ ನಾಯಕ ಆಡುತ್ತಾನೆ. ಈ ಮಾತು ಎಷ್ಟು ಸರಿ ಎಂಬುದನ್ನು ಮುಂದೆ ಅಂತರಿಕ್ಷ ನೆಲೆಗಳ ಸಂದರ್ಭದಲ್ಲೇ ನೋಡೋಣ.

ಮಂಗಳದ ಆಲೂಗಡ್ಡೆ

ರಿಡ್ಲಿ ಸ್ಕಾಟ್ ನಿರ್ದೇಶಿಸಿದ 'ದಿ ಮಾರ್ಷಿಯನ್' (2015) ಈ ಗುಂಪಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇಲ್ಲಿನ ನಾಯಕ ಸಸ್ಯವಿಜ್ಞಾನಿ. ಮಂಗಳದಲ್ಲಿ ಒಬ್ಬನೇ ಉಳಿದುಹೋದಾಗ ಅವನು ಮೊದಲು ಕೈಗೆತ್ತಿಕೊಳ್ಳುವುದು ಬೇಸಾಯವನ್ನು. ಮನುಷ್ಯರ ಮಲವನ್ನು ಗೊಬ್ಬರವಾಗಿಸಿ, ಹೈಡ್ರಜೀನ್ ಇಂಧನದಿಂದ ನೀರು ಮಾಡಿ ಆಲೂಗಡ್ಡೆ ಬೆಳೆಯುತ್ತಾನೆ.

ಚಿತ್ರದ ದೊಡ್ಡ ತಪ್ಪು ಆರಂಭದ ಬಿರುಗಾಳಿ. ಕಥೆಯ ಪ್ರಕಾರ ಅದರ ವೇಗ ಗಂಟೆಗೆ ಸುಮಾರು 175 ಕಿ.ಮೀ. ಬೀಸುವ ಗಾಳಿಯ ಒತ್ತಡ ಅದರ ಸಾಂದ್ರತೆ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧ. ಮಂಗಳದ ಗಾಳಿಯ ಸಾಂದ್ರತೆ ಪ್ರತಿ ಘನ ಮೀಟರಿಗೆ ಸುಮಾರು 0.02 ಕಿ.ಗ್ರಾಂ, ನಮ್ಮಲ್ಲಿ 1.2 ಕಿ.ಗ್ರಾಂ. ಹಾಗಾಗಿ ಆ ಬಿರುಗಾಳಿ ಕೊಡುವ ತಳ್ಳು, ಭೂಮಿಯಲ್ಲಿ ಗಂಟೆಗೆ 23 ಕಿ.ಮೀ. ವೇಗದಲ್ಲಿ ಬೀಸುವ ಗಾಳಿಯಷ್ಟೇ. ಒಣಗಲು ಹಾಕಿದ ಬಟ್ಟೆ ಅಲುಗಾಡೀತು, ನೌಕೆ ಉರುಳದು. ಇದು ತನಗೆ ತಿಳಿದಿತ್ತೆಂದು ಮೂಲ ಕಾದಂಬರಿಯ ಕರ್ತೃ ಆಂಡಿ ವಿಯರ್ ಒಪ್ಪಿಕೊಂಡಿದ್ದಾರೆ, ಕಥೆ ಶುರುವಾಗಬೇಕಿತ್ತು.

ಎರಡನೆಯ ಕೊರತೆ ಮಣ್ಣಿನದು. ಮಂಗಳದ ನೆಲದಲ್ಲಿ ಶೇ. ಅರ್ಧದಷ್ಟು ಪರ್ಕ್ಲೋರೇಟ್ ಲವಣಗಳಿವೆಯೆಂದು 2008ರಲ್ಲಿ ಫೀನಿಕ್ಸ್ ನೌಕೆ ಪತ್ತೆಮಾಡಿತು. ಇವು ಥೈರಾಯ್ಡ್ ಗ್ರಂಥಿಗೆ ಹಾನಿಕರ. ನೀರಿನಲ್ಲಿ ಕರಗುವುದರಿಂದ ತೊಳೆದು ತೆಗೆಯಬಹುದು, ಆದರೆ ಅದಕ್ಕೆ ಬೇಕಾದ ನೀರಿನ ಲೆಕ್ಕ ಚಿತ್ರದಲ್ಲಿಲ್ಲ.

ಇಷ್ಟಾದರೂ ಈ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಿರೆಂದು ನಾನು ಹೇಳುತ್ತೇನೆ. ಇಲ್ಲಿ ಬದುಕು ಎಂದರೆ ದಿನದ ಲೆಕ್ಕ ಎಂಬುದು ಸ್ಪಷ್ಟವಾಗಿದೆ. 100 ಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 77 ಕಿಲೊಕ್ಯಾಲರಿ. ದಿನಕ್ಕೆ 2,000 ಕಿಲೊಕ್ಯಾಲರಿ ಬೇಕೆಂದರೆ 2.6 ಕಿ.ಗ್ರಾಂ, ವರ್ಷಕ್ಕೆ ಸುಮಾರು 950 ಕಿ.ಗ್ರಾಂ ತಿನ್ನಬೇಕು. ಪ್ರತಿ ಚದರ ಮೀಟರಿಗೆ 2 ಕಿ.ಗ್ರಾಂನಂತೆ ಇಳುವರಿ ಬಂದರೆ ವರ್ಷಕ್ಕೆ 475 ಚದರ ಮೀಟರಿನಷ್ಟು ಬೆಳೆ ಬೇಕು. ಮೂರು ಬೆಳೆ ತೆಗೆದರೂ ಸುಮಾರು 160 ಚದರ ಮೀಟರ್ ನೆಲ. ಒಬ್ಬ ಮನುಷ್ಯನಿಗೆ, ಬರಿಯ ಆಲೂಗಡ್ಡೆಯ ಊಟಕ್ಕೆ ಇಷ್ಟು! ಗೋಡೆ ಒಡೆದು ಗಾಳಿ ಹೊರಟುಹೋದಾಗ ಬೆಳೆಯೆಲ್ಲ ಕ್ಷಣದಲ್ಲಿ ಸಾಯುವ ದೃಶ್ಯ ಈ ಚಿತ್ರದ ಅತ್ಯಂತ ಪ್ರಾಮಾಣಿಕ ದೃಶ್ಯ. ಅಲ್ಲಿ ಎರಡನೆಯ ಅವಕಾಶವಿಲ್ಲ.

ಉಸಿರಿನ ಮಾತಿಗೆ ಬಂದರೆ, ಮಂಗಳದ ಗಾಳಿಯಿಂದ ಆಮ್ಲಜನಕ ತೆಗೆಯುವ ಕೆಲಸವನ್ನು ಪರ್ಸೆವೆರೆನ್ಸ್ ನೌಕೆಯಲ್ಲಿದ್ದ ಮಾಕ್ಸಿ ಎಂಬ ಉಪಕರಣ 2021ರಿಂದ 2023ರವರೆಗೆ ಮಾಡಿ ತೋರಿಸಿದೆ. ಇದು ನಿಜವಾದ ಸಾಧನೆ. 16 ಸಲ ಚಾಲನೆಗೊಂಡು ಅದು ಉತ್ಪಾದಿಸಿದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನ ಮೂರೂವರೆ ಗಂಟೆಯ ಉಸಿರಿಗೆ ಅದು ಸಾಕು.

ಶನಿಯ ಬಳಿಯ ಕಾಡು, ಅರಿಜೋನದ ಗಾಜಿನ ಮನೆ

ಡಗ್ಲಸ್ ಟ್ರಂಬುಲ್ ನಿರ್ದೇಶನದ 'ಸೈಲೆಂಟ್ ರನ್ನಿಂಗ್' (1972) ಚಿತ್ರದಲ್ಲಿ ಭೂಮಿಯ ಕೊನೆಯ ಕಾಡುಗಳನ್ನು ಗಾಜಿನ ಗುಮ್ಮಟಗಳಲ್ಲಿಟ್ಟು ಶನಿಗ್ರಹದ ಬಳಿ ತಿರುಗಿಸುತ್ತಿರುತ್ತಾರೆ. ಕಾಡುಗಳನ್ನು ನಾಶಮಾಡಿ ಹಿಂದಿರುಗಿರಿ ಎಂಬ ಆಜ್ಞೆ ಬಂದಾಗ ಸಸ್ಯವಿಜ್ಞಾನಿಯೊಬ್ಬ ಸಂಗಾತಿಗಳನ್ನೇ ಕೊಂದು ಒಂದು ಕಾಡನ್ನು ಉಳಿಸುತ್ತಾನೆ. ಮುಂದೆ ಗಿಡಗಳು ಬಾಡತೊಡಗುತ್ತವೆ. ಸೂರ್ಯನಿಂದ ದೂರ ಹೋದುದೇ ಕಾರಣವೆಂದು ಹೊಳೆಯಲು ಆ ಸಸ್ಯವಿಜ್ಞಾನಿಗೆ ಬಹಳ ಹೊತ್ತು ಹಿಡಿಯುತ್ತದೆ. ಹೈಸ್ಕೂಲ್ ವಿದ್ಯಾರ್ಥಿಗೂ ವಿಲೋಮ ವರ್ಗ ನಿಯಮ ಗೊತ್ತು: ಶನಿ ನಮಗಿಂತ ಸೂರ್ಯನಿಂದ ಒಂಬತ್ತೂವರೆ ಪಟ್ಟು ದೂರ; ಅಲ್ಲಿ ಬೆಳಕು ನಮ್ಮದರ ತೊಂಬತ್ತರಲ್ಲಿ ಒಂದು ಪಾಲು, ಚದರ ಮೀಟರಿಗೆ ಸುಮಾರು 15 ವಾಟ್. ಕಾಡನ್ನು ಅಲ್ಲಿಗೆ ಒಯ್ದದ್ದೇ ತಪ್ಪು. ಸ್ವಾರಸ್ಯವೆಂದರೆ 42 ವರ್ಷಗಳ ಅನಂತರ ಬಂದ 'ಇಂಟರ್‌ಸ್ಟೆಲ್ಲರ್'ನ ಕೊನೆಯಲ್ಲೂ ಮನುಕುಲ ಶನಿಯ ಬಳಿಯ ತಿರುಗುವ ಉರುಳೆಯೊಂದರಲ್ಲಿ, ಹಸಿರು ಹೊಲಗಳ ನಡುವೆ ಸುಖವಾಗಿರುತ್ತದೆ. ಬೆಳಕು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ದೀಪದ ಬೆಳಕಿನಲ್ಲಿ ಬೆಳೆಯಬಹುದಲ್ಲ ಎನ್ನುವಿರಾ? ಬೆಳೆಯಬಹುದು. ಒಬ್ಬನ ದಿನದ ಆಹಾರ 84 ಲಕ್ಷ ಜೂಲ್. ಬೆಳಕಿನ ಶಕ್ತಿಯಲ್ಲಿ ಶೇ. 1 ಭಾಗ ತಿನ್ನುವ ಆಹಾರವಾಗುತ್ತದೆಂದೂ, ವಿದ್ಯುತ್ತಿನ ಅರ್ಧಭಾಗ ಬೆಳಕಾಗುತ್ತದೆಂದೂ ಇಟ್ಟುಕೊಳ್ಳಿ. ಒಬ್ಬನಿಗಾಗಿ ಹಗಲಿರುಳೂ ಸುಮಾರು 20 ಕಿಲೊವಾಟ್ ವಿದ್ಯುತ್ತು ಬೇಕಾಗುತ್ತದೆ. ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಮೂಲತಃ ಅಳವಡಿಸಿದ ಬೃಹತ್ ಸೌರಫಲಕಗಳೆಲ್ಲ ಸೇರಿ ಕೊಡುವುದು ಸುಮಾರು 100 ಕಿಲೊವಾಟ್. ಬೇರಾವ ಖರ್ಚೂ ಇಲ್ಲದಿದ್ದರೆ ಐವರ ಊಟಕ್ಕೆ ಅದು ಸರಿಹೋಗುತ್ತದೆ. ಆ ನಿಲ್ದಾಣದಲ್ಲಿ ನೀರಿನ ಮರುಬಳಕೆ 2023ರಲ್ಲಿ ಶೇ. 98ನ್ನು ಮುಟ್ಟಿತು. ಆದರೆ ಊಟ ಈಗಲೂ ಭೂಮಿಯಿಂದಲೇ ಹೋಗುತ್ತದೆ.

ಮುಚ್ಚಿದ ಜಗತ್ತಿನಲ್ಲಿ ಬದುಕುವ ಪ್ರಯೋಗವನ್ನು ಭೂಮಿಯ ಮೇಲೆಯೇ ಮಾಡಿ ನೋಡಲಾಗಿದೆ. ಅಮೆರಿಕದ ಅರಿಜೋನದಲ್ಲಿ 'ಬಯೋಸ್ಫಿಯರ್ 2' ಎಂಬ ಸುಮಾರು 1.27 ಹೆಕ್ಟೇರ್ ವಿಸ್ತಾರದ ಗಾಜಿನ ಮನೆಯೊಳಗೆ ಎಂಟು ಜನ 1991ರ ಸೆಪ್ಟೆಂಬರ್ 26ರಿಂದ ಎರಡು ವರ್ಷ ಇದ್ದರು. ಒಳಗೆ ಮಳೆಕಾಡು, ಪುಟ್ಟ ಸಮುದ್ರ, ಹೊಲ ಎಲ್ಲವೂ ಇದ್ದವು. ಹದಿನಾರು ತಿಂಗಳಲ್ಲಿ ಒಳಗಿನ ಆಮ್ಲಜನಕ ಶೇ. 20.9ರಿಂದ ಸುಮಾರು 14.5ಕ್ಕೆ ಇಳಿಯಿತು. ಇದು ನಾಲ್ಕು ಸಾವಿರ ಮೀಟರ್‌ಗೂ ಎತ್ತರದ ಬೆಟ್ಟದ ಮೇಲೆ ವಾಸಿಸಿದಂತೆ. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಅಪರಾಧಿ ಯಾರು? ಸಾವಯವ ಅಂಶ ಹೇರಳವಾಗಿದ್ದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳು ಆಮ್ಲಜನಕ ಹೀರಿ ಇಂಗಾಲದ ಡೈ ಆಕ್ಸೈಡ್ ಬಿಟ್ಟವು. ಆ ಇಂಗಾಲದ ಡೈ ಆಕ್ಸೈಡ್ ಮತ್ತೆ ಗಿಡಗಳಿಗೆ ಸಿಕ್ಕಿದ್ದರೆ ಆಮ್ಲಜನಕ ಮರಳುತ್ತಿತ್ತು. ಆದರೆ ಅದರಲ್ಲೊಂದು ಪಾಲನ್ನು ಕಟ್ಟಡದ ಕಾಂಕ್ರೀಟ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡಿಕೊಂಡಿತು. ಪರಾಗ ಒಯ್ಯುವ ಕೀಟಗಳು ಸತ್ತವು, ಇರುವೆ ಜಿರಲೆಗಳು ಹೆಚ್ಚಿದವು. ಕಾಂಕ್ರೀಟ್ ಉಸಿರನ್ನು ಕದಿಯುತ್ತದೆಂದು ಮೊದಲೇ ಊಹಿಸಿದವರಿರಲಿಲ್ಲ. ಈ ಪ್ರಯೋಗವನ್ನು ಸೋಲು ಎನ್ನಲಾಗದು. ಅದು ಕಲಿಸಿದಷ್ಟನ್ನು ಯಾವ ಚಿತ್ರವೂ ಕಲಿಸಿಲ್ಲ. 2020ರಲ್ಲಿ ಬಂದ 'ಸ್ಪೇಸ್‌ಶಿಪ್ ಅರ್ಥ್' ಎಂಬ ಸಾಕ್ಷ್ಯಚಿತ್ರ ಇದರ ಕಥೆಯನ್ನು ಹೇಳುತ್ತದೆ.

ಈಗ ನಾಯಕನ ಮಾತಿಗೆ ಹಿಂದಿರುಗೋಣ. ಅಂತರಿಕ್ಷದ ಯಾವುದೇ ನೆಲೆಯಲ್ಲಿ ಪ್ರತಿಯೊಬ್ಬನ ಮೊದಲ ಕೆಲಸ ಇರುವುದನ್ನು ನೋಡಿಕೊಳ್ಳುವುದು. ಬೆಳಿಗ್ಗೆ ಎದ್ದೊಡನೆ ಗಾಳಿಯ ಮಾಪಕ, ನೀರಿನ ತೊಟ್ಟಿ, ಬೇರಿನ ಬಣ್ಣ ನೋಡಬೇಕು. ಭೂಮಿಯನ್ನು ನೋಡಿಕೊಳ್ಳುವ ಕೆಲಸ ಬೇಸರವೆಂದು ಹೊರಟವನಿಗೆ ಅಲ್ಲಿ ಕಾದಿರುವುದು ಅದೇ ಕೆಲಸ, ಹೆಚ್ಚು ಕಠಿಣವಾಗಿ.

ಗ್ರಹಕ್ಕೇ ಗಾಳಿ ತುಂಬಿದರೆ?

ಗಾಜಿನ ಮನೆಯ ತೊಂದರೆಯೇ ಬೇಡ, ಇಡೀ ಮಂಗಳಕ್ಕೇ ಗಾಳಿ ತುಂಬೋಣ ಎನ್ನುವ ಚಿತ್ರಗಳೂ ಇವೆ. 'ಟೋಟಲ್ ರೀಕಾಲ್' (1990) ಚಿತ್ರದ ಕೊನೆಯಲ್ಲಿ ಯಂತ್ರವೊಂದು ಮಂಗಳದ ಒಡಲಿನ ಹಿಮವನ್ನು ಕರಗಿಸಿ ಕೆಲವೇ ನಿಮಿಷಗಳಲ್ಲಿ ವಾಯುಮಂಡಲವನ್ನು ಸೃಷ್ಟಿಸುತ್ತದೆ. ಉಸಿರಾಡಲು ಬೇಕಾದ ಆಮ್ಲಜನಕದ ಒತ್ತಡ ಸುಮಾರು 0.2 ವಾಯುಭಾರ. ಮಂಗಳದ ಗುರುತ್ವ ಕಡಿಮೆಯಾದ್ದರಿಂದ ಅದೇ ಒತ್ತಡಕ್ಕೆ ಅಲ್ಲಿ ಪ್ರತಿ ಚದರ ಮೀಟರಿನ ಮೇಲೆ ನಮ್ಮಲ್ಲಿಗಿಂತ 2.6 ಪಟ್ಟು ಹೆಚ್ಚು ಅನಿಲ ಪೇರಿಸಬೇಕು. ಲೆಕ್ಕ ಹಾಕಿದರೆ ಸುಮಾರು 7.8 × 10¹⁷ ಕಿ.ಗ್ರಾಂ ಆಮ್ಲಜನಕ ಬೇಕು. ಹಿಮ ಕರಗಿದರೆ ಸಿಗುವುದು ನೀರು, ಅದನ್ನು ಒಡೆಯಬೇಕು. ಅದಕ್ಕೆ ತಗಲುವ ಶಕ್ತಿ ಸುಮಾರು 1.4 × 10²⁵ ಜೂಲ್. ಮಂಗಳದ ಮೇಲೆ ಬೀಳುವ ಇಡೀ ಸೂರ್ಯಪ್ರಕಾಶವನ್ನು ಒಂದಿಷ್ಟೂ ಪೋಲಾಗದಂತೆ ಬಳಸಿದರೂ ಇದಕ್ಕೆ 20 ವರ್ಷಗಳಿಗೂ ಹೆಚ್ಚು ಬೇಕು. ಅಲ್ಲಿರುವ ಇಂಗಾಲದ ಡೈ ಆಕ್ಸೈಡನ್ನೇ ಬಿಡುಗಡೆ ಮಾಡಿ ಗ್ರಹವನ್ನು ಬೆಚ್ಚಗಾಗಿಸುವ ಯೋಜನೆಯೂ ಕೈಗೂಡದೆಂದು ಜಾಕೋಸ್ಕಿ ಮತ್ತು ಎಡ್ವರ್ಡ್ಸ್ 2018ರಲ್ಲಿ ತೋರಿಸಿಕೊಟ್ಟರು. ಈಗಿನ ತಂತ್ರಜ್ಞಾನದಿಂದ ತಲುಪಬಹುದಾದ ಅನಿಲವೆಲ್ಲ ಸೇರಿದರೂ ಒತ್ತಡ ನಮ್ಮದರ ಶೇ. 2ರ ಸುತ್ತ ಮಾತ್ರ.

ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ಸತ್ತ ಗ್ರಹವೊಂದಕ್ಕೆ ಇಡೀ ವಾಯುಮಂಡಲವನ್ನು ಕಟ್ಟಬಲ್ಲ ಶಕ್ತಿಯಿರುವವರು, ತಮ್ಮ ಗ್ರಹದ ಗಾಳಿಯಲ್ಲಿ ಹತ್ತು ಸಾವಿರದಲ್ಲಿ ನಾಲ್ಕು ಪಾಲಿರುವ ಇಂಗಾಲದ ಡೈ ಆಕ್ಸೈಡನ್ನು ಹತೋಟಿಯಲ್ಲಿಡಲಾರರೇ?

ಹೋಗುವವರು ಯಾರು?

ಇನ್ನು ಸೌರವ್ಯೂಹದ ಹೊರಗೆ. 1977ರಲ್ಲಿ ಹೊರಟ ವಾಯೇಜರ್ 1 ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿದೆ, ಆ ವೇಗದಲ್ಲಿ ಅತಿ ಸಮೀಪದ ನಕ್ಷತ್ರವನ್ನು ತಲುಪಲು ಸುಮಾರು 75,000 ವರ್ಷ ಬೇಕು. 'ಪ್ಯಾಸೆಂಜರ್ಸ್' (2016) ಚಿತ್ರದ ನೌಕೆ 5,000 ಪ್ರಯಾಣಿಕರನ್ನು ನಿದ್ರೆಯಲ್ಲಿಟ್ಟು ಬೆಳಕಿನ ಅರ್ಧ ವೇಗದಲ್ಲಿ 120 ವರ್ಷ ಸಾಗುತ್ತದೆ. ಆ ವೇಗಕ್ಕೆ ಪ್ರತಿ ಕಿಲೊಗ್ರಾಂಗೆ 1.4 × 10¹⁶ ಜೂಲ್ ಚಲನಶಕ್ತಿ ಬೇಕು. ನೌಕೆಯನ್ನು ಬಿಡಿ, 5,000 ಜನರ ದೇಹಗಳಿಗೆ ಮಾತ್ರವೇ ಬೇಕಾಗುವ ಶಕ್ತಿ ಇಡೀ ಜಗತ್ತು ಏಳು ವರ್ಷಗಳಲ್ಲಿ ಬಳಸುವ ಶಕ್ತಿಯಷ್ಟು. ನಿಲ್ಲಿಸಲು ಮತ್ತೆ ಅಷ್ಟೇ ಕೆಲಸ.

ಹೀಗಿರುವಾಗ ಎಲ್ಲರೂ ಹೋಗುವ ಮಾತೇ ಇಲ್ಲ. ಜಗತ್ತಿನ ಜನಸಂಖ್ಯೆ ವರ್ಷಕ್ಕೆ ಸುಮಾರು 7 ಕೋಟಿ ಹೆಚ್ಚುತ್ತಿದೆ, ದಿನಕ್ಕೆ 1,90,000. ನೂರು ಜನರ ನೌಕೆಗಳಾದರೆ, ಜನಸಂಖ್ಯೆ ಏರದಂತೆ ತಡೆಯಲಿಕ್ಕೇ ಪ್ರತಿದಿನ 1,900 ಉಡಾವಣೆ ಬೇಕು. 1961ರಿಂದ ಈವರೆಗೆ ಭೂಕಕ್ಷೆಗೆ ಹೋದವರ ಒಟ್ಟು ಸಂಖ್ಯೆ ಕೆಲವು ನೂರು. ಆದ್ದರಿಂದ ವಲಸೆಯ ಕಥೆ ಎಂದೂ ಮನುಕುಲದ ಕಥೆಯಾಗಿರದೆ ಆಯ್ದ ಕೆಲವರ ಕಥೆಯಾಗಿರುತ್ತದೆ. 1951ರ 'ವೆನ್ ವರ್ಲ್ಡ್ಸ್ ಕೊಲೈಡ್' ಚಿತ್ರದಲ್ಲಿ ನೌಕೆಯಲ್ಲಿ ಜಾಗವಿರುವುದು ಸುಮಾರು 40 ಜನರಿಗೆ. ಚೀಟಿ ಎತ್ತಿ ಆರಿಸುತ್ತಾರೆ. ಸ್ಥಾನ ಸಿಗದವರು ಕೊನೆಗೆ ದಂಗೆಯೇಳುತ್ತಾರೆ. ಹಳೆಯ ಚಿತ್ರವಾದರೂ ಪ್ರಶ್ನೆಯನ್ನು ಮರೆಮಾಚಿಲ್ಲ. 'ಎಲಿಸಿಯಂ' (2013) ಚಿತ್ರದಲ್ಲಿ ಸಿರಿವಂತರು ತಿರುಗುವ ಬಳೆಯಾಕಾರದ ನೆಲೆಯಲ್ಲಿ, ಬಡವರು ಕೆಳಗೆ ಧೂಳಿನಲ್ಲಿ.

'ಇಂಟರ್‌ಸ್ಟೆಲ್ಲರ್'ನಲ್ಲಿ ನಮ್ಮ ದೇಶಕ್ಕೂ ಒಂದು ಜಾಗವಿದೆ. ಆರಂಭದಲ್ಲಿ ಭಾರತೀಯ ವಾಯುಪಡೆಯ ಡ್ರೋನ್ ಒಂದು ಒಡೆಯನಿಲ್ಲದೆ ಹಾರುತ್ತಿರುತ್ತದೆ; ದೆಹಲಿಯ ನಿಯಂತ್ರಣ ಕೇಂದ್ರ ಹತ್ತು ವರ್ಷಗಳ ಹಿಂದೆಯೇ ಮುಚ್ಚಿತೆಂದು ನಾಯಕ ಹೇಳುತ್ತಾನೆ. ನೂರು ಕೋಟಿಗೂ ಮೀರಿದ ಜನರ ಗತಿ ಏನಾಯಿತೆಂಬುದಕ್ಕೆ ಚಿತ್ರ ಕೊಡುವ ಸಮಯ ಅಷ್ಟೇ.

ಚೀನಾದ 'ದಿ ವಾಂಡರಿಂಗ್ ಅರ್ಥ್' (2019) ಬೇರೆ ದಾರಿ ಹಿಡಿಯುತ್ತದೆ. ಸೂರ್ಯ ಅಪಾಯಕಾರಿಯಾದಾಗ ಅಲ್ಲಿ ಸಾವಿರಾರು ಎಂಜಿನ್‌ಗಳನ್ನು ಕಟ್ಟಿ ಭೂಮಿಯನ್ನೇ ಹೊರಡಿಸುತ್ತಾರೆ. ಭೂಮಿಯನ್ನು ಸೂರ್ಯನ ಹಿಡಿತದಿಂದ ಬಿಡಿಸಲು ಬೇಕಾದ ಶಕ್ತಿ ಸುಮಾರು 2.6 × 10³³ ಜೂಲ್. ಸೂರ್ಯ ಎಲ್ಲ ದಿಕ್ಕಿಗೂ ಚೆಲ್ಲುವ ಶಕ್ತಿಯೆಲ್ಲವನ್ನೂ 80 ದಿನ ಕೂಡಿಟ್ಟಷ್ಟು. ಭೌತವಿಜ್ಞಾನಕ್ಕೆ ಇದು ದಕ್ಕದ ಮಾತು. ಮನೆ ಬಿಟ್ಟು ಓಡದೆ ಮನೆಯನ್ನೇ ಹೊತ್ತೊಯ್ಯಬೇಕೆಂಬ ಭಾವನೆ ಮಾತ್ರ ಯೋಚನೆಗೆ ಹಚ್ಚುತ್ತದೆ. ಅಲ್ಲಿಯೂ ನೆಲದಡಿಯ ನಗರಗಳಲ್ಲಿ ಜಾಗ ಸಿಗುವುದು ಚೀಟಿಯಿಂದಲೇ ಎಂಬುದನ್ನು ಮರೆಯಬಾರದು.

ಹಿಂದಿರುಗುವ ಚಿತ್ರ, ಹಿಂದಿರುಗಲಾರದ ಚಿತ್ರ

ಈ ಗುಂಪಿನಲ್ಲಿ ಎರಡು ಚಿತ್ರಗಳು ನನಗೆ ಹೆಚ್ಚು ಮುಖ್ಯವೆನಿಸುತ್ತವೆ. ಒಂದು, ಮಕ್ಕಳೂ ನೋಡುವ 'ವಾಲ್-ಇ' (2008). ಕಸದಿಂದ ತುಂಬಿದ ಭೂಮಿಯನ್ನು ಬಿಟ್ಟು 700 ವರ್ಷ ನೌಕೆಯಲ್ಲಿ ಕಳೆದ ಜನ ಅಲ್ಲಿ ನಡೆಯುವುದನ್ನೂ ಮರೆತಿದ್ದಾರೆ. ಮೂಳೆ ಸವೆದುದಕ್ಕೆ ಗುರುತ್ವದ ಕೊರತೆಯನ್ನು ಕಾರಣವಾಗಿ ಹೇಳುವ ಚಿತ್ರ, ಅದೇ ನೌಕೆಯಲ್ಲಿ ಎಲ್ಲರೂ ನೆಲಕ್ಕೆ ಬೀಳುವುದನ್ನೂ ತೋರಿಸುತ್ತದೆ. ಮಕ್ಕಳಿಂದಲೇ ಈ ತಪ್ಪನ್ನು ಹುಡುಕಿಸಬಹುದು. ಆದರೆ ಒಂದು ಪುಟ್ಟ ಸಸಿ ಕಂಡಾಗ ಅವರೆಲ್ಲ ಹಿಂದಿರುಗುತ್ತಾರೆ, ಮಣ್ಣಿಗೆ ನೀರು ಹಾಕುತ್ತಾರೆ. ಇನ್ನೊಂದು, ಸ್ವೀಡನ್ನಿನ 'ಅನಿಯಾರಾ' (2018). ಹ್ಯಾರಿ ಮಾರ್ಟಿನ್‌ಸನ್ 1956ರಲ್ಲಿ ಪ್ರಕಟಿಸಿದ ಕಾವ್ಯ ಇದಕ್ಕೆ ಆಧಾರ. ಮಂಗಳಕ್ಕೆ ವಲಸೆ ಹೊರಟ ನೌಕೆ ದಾರಿ ತಪ್ಪುತ್ತದೆ. ಇಂಧನವಿಲ್ಲ, ತಿರುಗಿ ಬರುವಂತಿಲ್ಲ. ಪಾಚಿ ತಿಂದು ದೇಹ ಉಳಿಯುತ್ತದೆ, ಮನಸ್ಸು ಉಳಿಯುವುದಿಲ್ಲ. ಪ್ರಯಾಣಿಕರ ಆಸರೆ ಒಂದೇ: ಭೂಮಿಯ ನೆನಪನ್ನು ತೋರಿಸುವ ಯಂತ್ರ. ಅದೂ ಒಂದು ದಿನ ಕೆಡುತ್ತದೆ. ಈ ಚಿತ್ರ ದೊಡ್ಡ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ.

ತರಗತಿಯಲ್ಲಿ ಏನು ಮಾಡಬಹುದು?

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಜೆರಾರ್ಡ್ ಓನೀಲ್ 1969ರಲ್ಲಿ ತಮ್ಮ ಮೊದಲ ವರ್ಷದ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆಯಿಟ್ಟರು: ಬೆಳೆಯುತ್ತಿರುವ ನಾಗರಿಕತೆಗೆ ಗ್ರಹದ ಮೇಲ್ಮೈಯೇ ತಕ್ಕ ಜಾಗವೇ? ಅಂತರಿಕ್ಷ ನೆಲೆಗಳ ಆಧುನಿಕ ಚಿಂತನೆಯ ಬಹುಪಾಲು ಆ ತರಗತಿಯ ಪ್ರಶ್ನೆಯಿಂದ ಬೆಳೆಯಿತು. ಪ್ರಶ್ನೆ ಕೇಳುವುದರಲ್ಲಿ ತಪ್ಪಿಲ್ಲ. ಅಂತರಿಕ್ಷ ಸಂಶೋಧನೆ ಬೇಡವೆಂದೂ ಯಾರೂ ಹೇಳಬೇಕಾಗಿಲ್ಲ. ಭೂಮಿಯ ಬಿಸಿಯೇರಿಕೆ, ಓಜೋನ್ ಪದರದ ಸವೆತ, ಅಂತರ್ಜಲದ ಕುಸಿತ ಇವುಗಳನ್ನು ಅಳೆದು ತಿಳಿಸುವುದರಲ್ಲಿ ಉಪಗ್ರಹಗಳ ಪಾಲು ದೊಡ್ಡದು.

ಮುಂದಿನ ಸಲ ನಿಮ್ಮ ವಿದ್ಯಾರ್ಥಿಗಳು ಇಂಥ ಚಿತ್ರವೊಂದರ ಬಗ್ಗೆ ಮಾತೆತ್ತಿದಾಗ ಮೂರು ಪ್ರಶ್ನೆಗಳನ್ನು ಅವರ ಕೈಗೆ ಕೊಡಿ. ಅಲ್ಲಿನ ಜನರ ಉಸಿರು ಮತ್ತು ಊಟ ದಿನಕ್ಕೆ ಎಷ್ಟು ಕಿಲೊಗ್ರಾಂ, ಅದು ಎಲ್ಲಿಂದ ಬರುತ್ತದೆ? ಹೋದವರು ಎಷ್ಟು, ಉಳಿದವರು ಎಷ್ಟು? ಅಲ್ಲಿ ಬಳಸಿದ ಅದೇ ಶಕ್ತಿ, ಅದೇ ಜಾಣ್ಮೆ ಇಲ್ಲಿ ಬಳಸಿದ್ದರೆ ಏನಾಗುತ್ತಿತ್ತು? ಮೂರಕ್ಕೂ ಕಾಗದ ಪೆನ್ಸಿಲ್ ಸಾಕು. ಲೆಕ್ಕ ಮುಗಿಸಿದ ಮೇಲೂ ಅವರು ಚಿತ್ರವನ್ನು ಮೆಚ್ಚಬಹುದು, ಮೆಚ್ಚಲಿ. ಆದರೆ ಅವರಲ್ಲಿ ಒಬ್ಬಿಬ್ಬರಾದರೂ ಕಪ್ಪುಕುಳಿಯಷ್ಟೇ ಕುತೂಹಲದಿಂದ ಒಂದು ಹಿಡಿ ಮಣ್ಣನ್ನು ಸೂಕ್ಷ್ಮದರ್ಶಕದ ಕೆಳಗಿಡುವಂತಾದರೆ, ಮಣ್ಣು ವಿಜ್ಞಾನ, ಸೂಕ್ಷ್ಮಜೀವಿ ವಿಜ್ಞಾನಗಳನ್ನು ಮೊದಲ ಆಯ್ಕೆಯಾಗಿ ಬರೆಯುವಂತಾದರೆ, ಉಳಿವಿನ ಪ್ರಶ್ನೆಗೆ ಉತ್ತರಿಸುವವರು ಅವರೇ. ಮುಂದೆ ಯಾರಾದರೂ ನಿಜವಾಗಿಯೇ ಮಂಗಳಕ್ಕೆ ಹೊರಟರೂ ಮೊದಲು ಕರೆಯಬೇಕಾಗಿರುವುದು ಅವರನ್ನೇ.